ನುಂಗುವಿಕೆಯ ತೊಡಕು ಮತ್ತು ಬಾಯಿಯ ಬ್ಯಾಕ್ಟೀರಿಯಗಳು: ಒಂದು ವಿಮರ್ಶೆ

ನುಂಗುವಿಕೆಯ ತೊಡಕಿನಿಂದ ನರಳುವವರಿಗೆ ಪದೇ ಪದೇ ನ್ಯುಮೋನಿಯ ಬರುವುದೇಕೆ? ಆಹಾರವೂ ಜೊಲ್ಲೂ ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿಯುವುದರಿಂದ ಎಂಬುದು ರೂಢಿಯ ಉತ್ತರ. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಇಳಿದ ಜೊಲ್ಲಿನೊಡನೆ ಮತ್ತೇನು ಇಳಿಯಿತೆಂಬುದನ್ನು ಅದು ಕೇಳುವುದಿಲ್ಲ. ಈ ಪ್ರಶ್ನೆಯನ್ನು ಕುರಿತ ಕೆಲವು ಸಂಶೋಧನೆಗಳನ್ನು ಪರಿಶೀಲಿಸಿ, ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಂಥ ಊರಿಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂದು ವಿಚಾರಿಸುವುದು ನಮ್ಮ ಉದ್ದೇಶ.

ಹಲ್ಲಿನ ಕಿಟ್ಟದಲ್ಲಿ ಚಲಿಸುವ ಸೂಕ್ಷ್ಮಜೀವಿಗಳನ್ನು ಲೇವನ್‌ಹುಕ್ 1683ರಲ್ಲಿಯೇ ವರ್ಣಿಸಿದ್ದನು. ಅವುಗಳಿಗೂ ನುಂಗುವಿಕೆಗೂ ಇರುವ ನಂಟನ್ನು ಸ್ಪಷ್ಟವಾಗಿ ಮುಂದಿಟ್ಟ ಕೃತಿಗಳಲ್ಲಿ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ 189 ಮಂದಿ ವೃದ್ಧರನ್ನು ಅವರು ನಾಲ್ಕು ವರ್ಷಗಳವರೆಗೆ ಗಮನಿಸಿದರು. ಉಣ್ಣಲು ಪರರನ್ನು ಅವಲಂಬಿಸುವುದು, ಬಾಯಿಯನ್ನು ಶುಚಿಗೊಳಿಸಿಕೊಳ್ಳಲೂ ಪರರನ್ನು ಅವಲಂಬಿಸುವುದು, ಹುಳುಕು ಹಲ್ಲುಗಳ ಸಂಖ್ಯೆ, ನಳಿಕೆಯ ಮೂಲಕ ಆಹಾರ, ಧೂಮಪಾನ ಮೊದಲಾದವು ನ್ಯುಮೋನಿಯದ ಪ್ರಬಲ ಸೂಚಕಗಳಾಗಿ ಕಂಡುಬಂದವು. ನುಂಗುವಿಕೆಯ ತೊಡಕು ಮುಖ್ಯ ಕಾರಣವಾದರೂ ಸಾಮಾನ್ಯವಾಗಿ ಅದೊಂದೇ ಸಾಲದೆಂಬುದು ಅವರ ನಿರ್ಣಯ. ಆದರೆ ಸೂಚಕವೆಲ್ಲವೂ ಕಾರಣವಲ್ಲ. ತಾನೇ ಉಣ್ಣಲಾರದವನು ಬಹುಶಃ ಹೆಚ್ಚು ರೋಗಪೀಡಿತನೂ ಆಗಿರುತ್ತಾನೆ. ಇಂಥ ಅಧ್ಯಯನವು ಸಂಶಯವನ್ನು ಹುಟ್ಟಿಸಬಲ್ಲುದೇ ಹೊರತು ಅದನ್ನು ನಿವಾರಿಸಲಾರದು.

ಪ್ರಯೋಗದಿಂದ ಅದನ್ನು ಪರೀಕ್ಷಿಸಿದವರು ಜಪಾನಿನ ಯೊನೆಯಾಮ ಮತ್ತು ಸಂಗಡಿಗರು. 1999ರ ಅವರ ವರದಿಯಂತೆ, 11 ವೃದ್ಧಾಶ್ರಮಗಳ 366 ಮಂದಿಯಲ್ಲಿ ಬಾಯಿಯ ಆರೈಕೆ ಪಡೆದ 184 ಮಂದಿಯ ಪೈಕಿ 21 ಜನರಿಗೂ, ಪಡೆಯದ 182 ಮಂದಿಯ ಪೈಕಿ 34 ಜನರಿಗೂ ಎರಡು ವರ್ಷಗಳಲ್ಲಿ ನ್ಯುಮೋನಿಯ ಬಂದಿತು. ಪ್ರತಿ ಊಟದ ಬಳಿಕ ಹಲ್ಲುಜ್ಜುವುದಲ್ಲದೆ ದಂತವೈದ್ಯರ ಶುಚಿಕಾರ್ಯವೂ ಈ ಆರೈಕೆಯಲ್ಲಿ ಸೇರಿದ್ದುದರಿಂದ ಯಾವುದರ ಫಲವೆಷ್ಟೆಂದು ಬಿಡಿಸಿ ಹೇಳುವಂತಿಲ್ಲ. ಆದರೂ ವಾದದ ಮುಖ್ಯಾಂಶಕ್ಕೆ ಇಲ್ಲಿ ದೃಢವಾದ ಆಧಾರ ದೊರೆಯಿತೆಂದು ನಾವು ಭಾವಿಸುತ್ತೇವೆ.

ಅನ್ನನಾಳದ ವಿಚಾರದಲ್ಲಿ ಇಷ್ಟು ಧೈರ್ಯ ಸಲ್ಲದು. ಅದರ ಕೆಳಭಾಗದಲ್ಲಿಯೂ ಬ್ಯಾಕ್ಟೀರಿಯಗಳು ನೆಲೆಸಿವೆಯೆಂದು 2004ರಲ್ಲಿ ಪೇ ಮತ್ತು ಸಂಗಡಿಗರು ತೋರಿಸಿದರು. ಆರೋಗ್ಯವಂತರಲ್ಲಿ ಸ್ಟ್ರೆಪ್ಟೊಕಾಕಸ್ ಪ್ರಧಾನವೆಂದೂ, ಅನ್ನನಾಳ ಉರಿಯೂತವುಳ್ಳವರಲ್ಲಿ ಗ್ರಾಮ್ ನೆಗಟಿವ್ ಬ್ಯಾಕ್ಟೀರಿಯಗಳ ಪಾಲು ಹೆಚ್ಚೆಂದೂ 2009ರಲ್ಲಿ ತಿಳಿದುಬಂದಿತು. ಇದರಿಂದ ಬ್ಯಾಕ್ಟೀರಿಯಗಳೇ ರೋಗವನ್ನು ತಂದುವೆಂದು ಹೇಳುವುದು ಅವಸರದ ಮಾತು. ಅಕಲೇಸಿಯದಲ್ಲಿ ಅನ್ನನಾಳದ ಕೆಳದ್ವಾರವು ಸಡಿಲವಾಗದೆ ಆಹಾರವು ನಿಂತು ಹುಳಿಯುತ್ತದೆ. ನಿಂತ ನೀರಿನಲ್ಲಿ ಪಾಚಿ ಬೆಳೆಯುವಂತೆ ಅಲ್ಲಿ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಇಲ್ಲಿ ತೊಡಕು ಮೊದಲು, ಬ್ಯಾಕ್ಟೀರಿಯಗಳ ವೃದ್ಧಿ ಆಮೇಲೆ.

ಇನ್ನು ಲಿಂಗದಹಳ್ಳಿಯ ಮಾತು. ಕೆಮ್ಮಣ್ಣುಗುಂಡಿಯ ದಾರಿಯಲ್ಲಿರುವ ಈ ಊರು ಅಡಕೆ ಬೆಳೆಯುವ ಸೀಮೆಗೆ ಸೇರಿದುದು. ಅಡಕೆ ಜಗಿಯುವವರಲ್ಲಿ ಬಾಯಿಯ ಒಳಪೊರೆಯ ಅಡಿಯ ಊತಕ ನಾರುಗಟ್ಟಿ ಬಾಯಿ ತೆರೆಯಲಾಗದಂತಾಗುವ ರೋಗವನ್ನು 1952ರಲ್ಲಿ ಶ್ವಾರ್ಟ್ಸ್, 1953ರಲ್ಲಿ ಮುಂಬಯಿಯ ಜೋಷಿ ವರ್ಣಿಸಿದರು. ರೋಗ ಮುಂದುವರಿದಾಗ ನುಂಗುವುದೂ ಕಷ್ಟವಾಗುತ್ತದೆ. ತೆರೆಯದ ಬಾಯಿಗೆ ಕುಂಚ ಹೋಗದು. ಹೋಗದಿದ್ದರೆ ಕಿಟ್ಟ ಬೆಳೆಯುತ್ತದೆ. ಹೀಗೆ ಒಂದೇ ಅಭ್ಯಾಸವು ನುಂಗುವಿಕೆಯನ್ನೂ ಶುಚಿತ್ವವನ್ನೂ ಒಟ್ಟಿಗೆ ಕೆಡಿಸುತ್ತದೆ. ಮೇಲಿನ ಅಮೆರಿಕ, ಜಪಾನುಗಳ ಅಧ್ಯಯನಗಳು ಈ ಬಗೆಯ ಬಾಯಿಯನ್ನು ಲಕ್ಷಿಸಿದುವಲ್ಲ. ಅಲ್ಲದೆ ಅಲ್ಲಿ ಆರೈಕೆ ಮಾಡಿದವರು ದಾದಿಯರು. ನಮ್ಮ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ಗಂಜಿ ಕುಡಿಸುವವರು ಮನೆಯ ಸೊಸೆ, ಮಗಳು.

ಆದುದರಿಂದ ಪರದೇಶದ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರುವುದು ಉಚಿತವಲ್ಲ. ಅವುಗಳ ತತ್ತ್ವವನ್ನು ಕಡೆಗಣಿಸುವುದೂ ಉಚಿತವಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನುಂಗುವಿಕೆಯನ್ನು ಪರೀಕ್ಷಿಸುವ ತಜ್ಞರಿದ್ದಾರೆ, ದಂತವೈದ್ಯರೂ ಇದ್ದಾರೆ. ಇವರಿಬ್ಬರ ಜ್ಞಾನವನ್ನು ಒಂದೆಡೆ ಸೇರಿಸಿ ಅಡಕೆಯ ಸೀಮೆಯಲ್ಲಿಯೇ ಅಧ್ಯಯನ ನಡೆಸುವುದು ಅಗತ್ಯ. ಅಲ್ಲಿಯವರೆಗೂ ಗಂಜಿಯ ಹದವನ್ನು ಹೇಳಿಕೊಡುವವರು ಬಾಯಿ ತೊಳೆಸುವ ಕ್ರಮವನ್ನೂ ಜೊತೆಯಲ್ಲಿಯೇ ಹೇಳಿಕೊಡಬೇಕು.