ಬೀರುವಿನ ಮೇಲಿನ ಆಟ

ಅಂಗನವಾಡಿಯೊಂದರ ಗೊಂಬೆ ಮೂಲೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಗೊಂಬೆಗಳನ್ನು ಸಾಲಾಗಿ ಕೂರಿಸಿ ಊಟಕ್ಕಿಡುತ್ತಿದ್ದಳು. ಬಡಿಸುವ ಮೊದಲು ಒಂದು ಮರದ ತುಂಡನ್ನು ಎತ್ತಿ ಹಿಡಿದು ಒಂದೊಂದೇ ಗೊಂಬೆಯ ಫೋಟೋ ತೆಗೆದಳು. ಒಂದಕ್ಕೆ ‘ಅಳ್ಳಾಡ್ಬೇಡ ಕಣೇ, ಫೋಟೋ ಬರ್ತಿಲ್ಲ’ ಎಂದು ಗದರಿದಳು. ಟೀಚರ್ ನಕ್ಕರು, ನಾನೂ ನಕ್ಕೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್ ಜೊತೆ ಟೀಚರ್ ದಿನವೂ ಪಡುವ ಪಾಡನ್ನು ಅವಳು ಅಷ್ಟು ಚೆನ್ನಾಗಿ ಹಿಡಿದಿದ್ದಳು.

ಈ ಆಟವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಕೋಲನ್ನೇ ಕುದುರೆ ಮಾಡಿಕೊಳ್ಳುವ ಮಗುವಿನ ಬಗ್ಗೆ ಮಾತಾಡಿದ್ದ. ಆ ಗಳಿಗೆಯಲ್ಲಿ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುತ್ತದೆ ಎಂಬುದು ಅವನ ವಾದ. ಮರದ ತುಂಡು ಫೋನಾಗಬಲ್ಲದು ಎಂದು ಕಂಡುಕೊಂಡವಳಿಗೆ ನಾಳೆ ಒಂದು ಸೊಟ್ಟ ಗೆರೆ ‘ಅ’ ಎಂಬ ದನಿಯಾಗುವುದು ವಿಚಿತ್ರ ಅನ್ನಿಸದು. ‘ಆಡಿದ್ದು ಸಾಕು, ಅಕ್ಷರ ಕಲಿ’ ಎನ್ನುವ ಅಪ್ಪ ಅಮ್ಮಂದಿರಿಗೆ ಅಕ್ಷರದ ಬೇರು ಎಲ್ಲಿದೆ ಎಂಬುದು ಕಾಣುತ್ತಿಲ್ಲ, ಅಷ್ಟೆ.

ನಮ್ಮ ಸರ್ಕಾರಿ ಕಾಗದಗಳಿಗೆ ಇದು ಕಂಡಿದೆ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನು ಮೂರಾಗಿ ವಿಂಗಡಿಸುತ್ತದೆ: ಮಗುವೇ ನಡೆಸುವ ಮುಕ್ತ ಆಟ, ಮಗು ಮುಂದೆ ಹೋಗಿ ಟೀಚರ್ ಬೆನ್ನಿಗಿರುವ ಆಟ, ಟೀಚರ್ ಹೇಳಿದಂತೆ ಆಡುವ ಆಟ. ಒಳ್ಳೆಯ ವಿಂಗಡಣೆಯೇ. ಆದರೆ ತರಗತಿಗೆ ಹೋಗಿ ಕೂತರೆ ಮೂರನೆಯದೇ ಮೊದಲೆರಡನ್ನೂ ನುಂಗಿರುವುದು ಎದ್ದು ಕಾಣುತ್ತದೆ. ಮುದ್ರಿತ ಸೇಬಿನೊಳಗೆ ಕೆಂಪು ತುಂಬಿಸಿ, ಗೆರೆ ದಾಟದ ಮಗುವಿಗೆ ‘ವೆರಿ ಗುಡ್’ ಕೊಟ್ಟು ಅದನ್ನೇ ಸೃಜನಶೀಲ ಚಟುವಟಿಕೆ ಎಂದು ಬರೆದುಕೊಳ್ಳುತ್ತಾರೆ. ಖಾಸಗಿ ಶಾಲೆಗಳ ‘ಯೆಲ್ಲೋ ಡೇ’ ಇನ್ನೂ ಸೊಗಸು. ಹಳದಿ ಅಂಗಿ ಕೊಳ್ಳುವುದು ಅಪ್ಪ, ಹಳದಿ ಡಬ್ಬಿಗೆ ಚಿತ್ರಾನ್ನ ತುಂಬುವುದು ಅಮ್ಮ, ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವುದು ಮಿಸ್. ಮಗುವಿನ ಪಾಲಿಗೆ ಉಳಿಯುವುದು ನಿಂತುಕೊಳ್ಳುವ ಕೆಲಸ.

ಆಟವನ್ನು ತರಗತಿಗೆ ತಂದವರೇ ಅದರ ಕೊನೆಯನ್ನು ಮೊದಲೇ ಗೊತ್ತುಮಾಡುವ ಚಾಳಿಯೂ ಹಳೆಯದು. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಮಕ್ಕಳ ಕೇಂದ್ರ ತೆರೆದ ಫ್ರೋಬೆಲ್ ಉಣ್ಣೆಯ ಚೆಂಡು, ಮರದ ಗೋಳ, ಎಂಟು ಪುಟ್ಟ ಘನಗಳಾಗಿ ಬಿಡಿಯಾಗುವ ಒಂದು ಘನ, ಹೀಗೆ ಅದ್ಭುತವಾದ ‘ಉಡುಗೊರೆ’ಗಳನ್ನು ರೂಪಿಸಿದ. ಆದರೆ ಎಲ್ಲ ತುಂಡುಗಳನ್ನೂ ಬಳಸಲೇಬೇಕು, ಆಟ ಮುಗಿದ ಮೇಲೆ ಮತ್ತೆ ಘನವಾಗಿ ಜೋಡಿಸಿಡಬೇಕು ಎಂಬ ಶಿಸ್ತನ್ನೂ ಜೊತೆಗಿಟ್ಟ. ಮಾಂಟೆಸ್ಸರಿಯ ಗುಲಾಬಿ ಗೋಪುರದ ಹತ್ತು ಘನಗಳಿಗೂ ಸರಿಯಾದ ಜೋಡಣೆ ಒಂದೇ. ಕೈಗೆ, ಕಣ್ಣಿಗೆ ಅದು ಒಳ್ಳೆಯ ಅಭ್ಯಾಸ ಎಂಬುದನ್ನು ಒಪ್ಪುತ್ತೇನೆ. ಕಲ್ಪನೆಗೆ ಮಾತ್ರ ಅಲ್ಲಿ ಜಾಗ ಕಡಿಮೆ.

ನನಗೆ ಹೆಚ್ಚು ಹಿಡಿಸುವುದು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರ ದಾರಿ. 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, 1957ರಿಂದ ಕೋಸಬಾಡದ ಗುಡ್ಡದಲ್ಲಿ, ಆದಿವಾಸಿ ಮಕ್ಕಳ ಬಳಿಗೆ ಅವರೇ ಹೋದರು. ದುಬಾರಿ ಸಲಕರಣೆಯ ಬದಲು ಬೀಜ, ಎಲೆ, ಚಿಪ್ಪು, ಕಲ್ಲುಗಳನ್ನೇ ಆಟದ ಸಾಮಾನು ಮಾಡಿಕೊಂಡರು. ಅಂಗಳದಲ್ಲಿ ನಡೆದ ಆ ಶಾಲೆಯಿಂದಲೇ ‘ಅಂಗನವಾಡಿ’ ಎಂಬ ಮಾತು ಹುಟ್ಟಿದ್ದು. 1975ರ ಅಕ್ಟೋಬರ್ 2ರಂದು ಅದೇ ಹೆಸರಿನ ಕೇಂದ್ರಗಳು ಕರ್ನಾಟಕದಲ್ಲಿ ಮೊದಲು ತೆರೆದದ್ದು ತಿ. ನರಸೀಪುರದಲ್ಲಿ. ಹೆಸರು ಉಳಿಯಿತು, ಅಂಗಳ ಎಷ್ಟೋ ಕಡೆ ಬಾಡಿಗೆಯ ಒಂದೇ ಕೋಣೆಯಾಯಿತು.

ಆ ಕೋಣೆಗೆ ಈಗ ಆಟಿಕೆಯ ಕಿಟ್ ಬರುತ್ತದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ‘ಜಾದೂಯಿ ಪಿಟಾರಾ’ ಎಂಬ ಮಾಯಾಪೆಟ್ಟಿಗೆಯನ್ನೂ ಹೊರತಂದಿತು: ಗೊಂಬೆ, ಒಗಟು, ಚಿತ್ರಕಾರ್ಡು, ಕಥೆಪುಸ್ತಕ. ಪೆಟ್ಟಿಗೆಯ ಕಲ್ಪನೆ ಚೆನ್ನಾಗಿದೆ. ನನ್ನ ತಕರಾರು ಪೆಟ್ಟಿಗೆ ಹೋಗಿ ಕೂರುವ ಜಾಗದ ಬಗ್ಗೆ. ನಾನು ನೋಡಿದ ಎಷ್ಟೋ ಕೇಂದ್ರಗಳಲ್ಲಿ ಆಟಿಕೆಗಳು ಬೀರುವಿನ ಮೇಲೆ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಕೂತಿದ್ದವು. ಸೂಪರ್‌ವೈಸರ್ ಬರುವ ದಿನ ಕೆಳಗಿಳಿಯುತ್ತವೆ, ಸಂಜೆಗೆ ಮತ್ತೆ ಮೇಲೆ. ‘ಮುರಿದ್ರೆ ಲೆಕ್ಕ ಯಾರು ಕೊಡ್ತಾರೆ ಮೇಡಂ?’ ಎಂದರು ಒಬ್ಬ ಕಾರ್ಯಕರ್ತೆ. ಅವರನ್ನು ದೂರಲಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಹಾಲು, ಊಟ, ತೂಕ, ಗರ್ಭಿಣಿಯರ ರೇಷನ್, ಸಮೀಕ್ಷೆ, ಆ್ಯಪ್ ಎಲ್ಲವೂ ಅವರ ತಲೆಯ ಮೇಲೆಯೇ. ಇಷ್ಟರ ನಡುವೆ ಇಪ್ಪತ್ತು ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಟ್ಟು, ಪಕ್ಕದಲ್ಲಿ ಕೂತು, ಬೇಕಾದಾಗ ಒಂದು ಪ್ರಶ್ನೆ ಕೇಳಿ ಸುಮ್ಮನಾಗುವುದು ಎಲ್ಲಕ್ಕಿಂತ ಕಷ್ಟದ ಬೋಧನೆ. ಅದಕ್ಕೆ ಸಮಯವನ್ನೂ ಕೊಟ್ಟಿಲ್ಲ, ಸಾಕಷ್ಟು ತರಬೇತಿಯನ್ನೂ ಕೊಟ್ಟಿಲ್ಲ.

ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ನೆಲಕ್ಕೆ ಬಡಿದು ಸೀಳಿದರೆ ಅದು ಹಾಳಾಯಿತು ಎಂದು ಬರೆಯುವುದು ತಪ್ಪು ಲೆಕ್ಕ. ಸೀಮೆಸುಣ್ಣ ಸವೆದ ಹಾಗೆ ಅದು ಬಳಕೆಯಾಯಿತು. ಆದ್ದರಿಂದ ಇಲಾಖೆಯವರಲ್ಲಿ ನನ್ನದೊಂದು ಸಣ್ಣ ಬೇಡಿಕೆ. ಮುಂದಿನ ಕಿಟ್ ಕಳಿಸುವ ಮೊದಲು ಅಂಗನವಾಡಿಯ ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿಸಿ: ‘ಆಡಿ ಮುರಿದದ್ದು’. ವರ್ಷದ ಕೊನೆಗೆ ಆ ಕಾಲಂ ಖಾಲಿ ಇರುವ ಕೇಂದ್ರಕ್ಕೆ ಹೋಗಿ ವಿಚಾರಿಸಿ.