ಫಿಸ್ಕ್‌ನ ಜ್ಯುಬಿಲಿ ಗಾಯಕರು: ಒಂದು ವಿಮರ್ಶೆ

ಕಾಲೇಜುಗಳ ಚರಿತ್ರೆ ಬರೆಯುವವರು ವಿದ್ಯಾರ್ಥಿಗಳ ಸಂಗೀತ ಸಂಘಗಳಿಗೆ ಕೊನೆಯ ಪುಟದಲ್ಲಿ ಎರಡು ಸಾಲು ಕೊಡುವುದು ವಾಡಿಕೆ. ಅಮೆರಿಕದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯದ ಮಟ್ಟಿಗೆ ಈ ಕ್ರಮ ಸಲ್ಲದು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ವಿದ್ಯಾಭ್ಯಾಸಕ್ಕಾಗಿ 1866ರಲ್ಲಿ ತೆರೆದ ಈ ಸಂಸ್ಥೆ ಐದೇ ವರ್ಷಗಳಲ್ಲಿ ಮುಚ್ಚುವ ಸ್ಥಿತಿಗೆ ಬಂದಿತ್ತು. 1871ರ ಅಕ್ಟೋಬರ್ 6ರಂದು ಖಜಾಂಚಿ ಜಾರ್ಜ್ ವೈಟ್ ಒಂಬತ್ತು ಮಂದಿ ವಿದ್ಯಾರ್ಥಿಗಳೊಡನೆ, ಹಾಡಿ ಹಣ ಕೂಡಿಸಲು ಹೊರಟನು.

ಮೊದಮೊದಲು ಅವರು ಹಾಡಿದ್ದು ಬಿಳಿಯರ ಸಭೆಗಳಿಗೆ ರೂಢಿಯಾಗಿದ್ದ ಗೀತೆಗಳನ್ನು. ಹೆತ್ತವರ ಭಕ್ತಿಗೀತೆಗಳು ಅವರಿಗೆ ಪವಿತ್ರವೂ ಹೌದು, ನೋವಿನ ನೆನಪೂ ಹೌದು. ಪರರೆದುರು ಹಾಡಲು ಹಿಂಜರಿದರು. ಕೇಳುಗರನ್ನು ಸೆಳೆದದ್ದು ಆ ಹಾಡುಗಳೇ. 1872ರಲ್ಲಿ ಥಿಯೊಡರ್ ಸೀವರ್ಡ್ ಮಾಡಿದ ಸ್ವರಲೇಖನಗಳು ಪ್ರಕಟವಾದವು. ಹಾಡುಗಳು ಉಳಿದವೆಂಬುದು ನಿಜ. ಆದರೆ ಒಬ್ಬನು ಎತ್ತಿಕೊಟ್ಟು ಹತ್ತು ಜನ ತೋಚಿದಂತೆ ಹಿಡಿಯುತ್ತಿದ್ದ ಆ ಸ್ವರಗಳ ಜಾರುಬಾಗುಗಳು ಐದು ಗೆರೆಗಳ ನಡುವೆ ಹಿಡಿಸಲಿಲ್ಲ (ನಮ್ಮ ಗಮಕವನ್ನು ಲಿಪಿಯಲ್ಲಿ ಹುಡುಕಿದವರು ಈ ಕಷ್ಟವನ್ನು ಬಲ್ಲರು). ಪುಸ್ತಕವನ್ನೇ ಮೂಲವೆಂದು ಭಾವಿಸುವುದು ನಮಗೆ ಒಪ್ಪಿಗೆಯಿಲ್ಲ.

1873ರಲ್ಲಿ ವಿಕ್ಟೋರಿಯಾ ರಾಣಿ ಅವರ ಗಾಯನ ಕೇಳಿದಳು. 1878ರ ವೇಳೆಗೆ ತಂಡದ ಗಳಿಕೆ ಸುಮಾರು 1,50,000 ಡಾಲರು. ಅದರಿಂದಲೇ ಜ್ಯುಬಿಲಿ ಹಾಲ್ ಎದ್ದಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಓದಲೆಂದು ಬಂದವರು ತರಗತಿ ಬಿಟ್ಟು, ಬಣ್ಣ ನೋಡಿ ಹೋಟೆಲುಗಳು ಬಾಗಿಲು ಹಾಕಿದ ಊರುಗಳಲ್ಲಿ, ಆರೋಗ್ಯ ಕೆಡಿಸಿಕೊಂಡು ಹಾಡಿದರೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಫಿಸ್ಕ್‌ನಲ್ಲಿ ಪ್ರತಿವರ್ಷ ಅಕ್ಟೋಬರ್ 6ರಂದು ಅವರ ಸ್ಮರಣೆ ನಡೆಯುತ್ತದೆ. ಅರ್ಧಕ್ಕೆ ನಿಂತ ಅವರ ಓದಿನ ಮಾತೂ ಅಲ್ಲಿ ಬರಬೇಕೆಂದು ನಮ್ಮ ಅಭಿಪ್ರಾಯ.