ಬಿಟ್ಟವರು ಮತ್ತು ತೊಟ್ಟವರು

ಗೀತೆಯ ಎರಡನೆಯ ಅಧ್ಯಾಯದಲ್ಲಿ ದೇಹವನ್ನು ಬಟ್ಟೆಗೆ ಹೋಲಿಸಿರುವುದು ನಮ್ಮಲ್ಲಿ ಎಲ್ಲರೂ ಬಲ್ಲ ಸಂಗತಿ. ಸಾವಿನ ಮನೆಗೆ ಸಮಾಧಾನ ಹೇಳಲು ಬಂದವರು ಮೊದಲು ನೆನೆಯುವುದು ಅದನ್ನೇ. ಉಪಮೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದರ ಮೇಲೆ ಆಕ್ಷೇಪವೆತ್ತುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬಟ್ಟೆಯ ಕಡೆಯಿಂದ ನೋಡಿದರೆ ಅಲ್ಲಿ ಒಂದು ಪ್ರಶ್ನೆ ಉಳಿದುಬಿಡುತ್ತದೆ: ಕಳಚಿಹಾಕಿದ ಆ ಹಳೆಯ ಬಟ್ಟೆ ಮುಂದೆ ಏನಾಯಿತು? ತತ್ತ್ವಜ್ಞಾನಿಗೆ ಈ ಪ್ರಶ್ನೆ ಬೇಕಿಲ್ಲ. ಅವನ ಗಮನವೆಲ್ಲ ಹೊರಟುಹೋದವನ ಮೇಲೆ. ಸಾಹಿತಿಗೆ ಮಾತ್ರ ಅದು ಬೇಕೇಬೇಕು. ಲೋಕದಲ್ಲಿ ಹಳೆಯ ಬಟ್ಟೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಇನ್ನೊಬ್ಬರ ಮೈಗೆ ಹೋಗುತ್ತದೆ.

ಹೀಗೆ ಕೈಬದಲಾಗುವ ಬಟ್ಟೆಯ ಕಥೆಯಲ್ಲಿ ಮೂವರು ಪಾತ್ರಧಾರಿಗಳು: ಬಿಟ್ಟವನು, ಮಾರುವವನು, ಕೊಂಡು ತೊಡುವವನು. ಪಾತ್ರೆ, ಕುರ್ಚಿ, ಮಂಚ, ಗಡಿಯಾರಗಳಿಗೂ ಈ ಮಾತು ಸಲ್ಲುತ್ತದೆ. ಮೊದಲಿನ ಇಬ್ಬರ ಬಗೆಗೆ ದೊಡ್ಡ ಲೇಖಕರು ಬರೆದಿದ್ದಾರೆ. ಮೂರನೆಯವನು ಬಾಗಿಲ ಹೊರಗೇ ನಿಂತಂತೆ ಕಾಣುತ್ತದೆ. ಇದು ಬರಿಯ ಅಲಕ್ಷ್ಯವೇ, ಅಥವಾ ಅದರ ಹಿಂದೆ ನಮ್ಮೆಲ್ಲರ ಒಂದು ಸಂಕೋಚ ಅಡಗಿದೆಯೇ ಎಂಬುದನ್ನು ಇಲ್ಲಿ ವಿಚಾರ ಮಾಡಬಹುದು.

ಮೊದಲಿಗೆ ಡಿಕನ್ಸ್. ಅವನು ಇನ್ನೂ ತರುಣ ಪತ್ರಿಕಾ ವರದಿಗಾರನಾಗಿದ್ದಾಗ, ೧೮೩೬ರಲ್ಲಿ, ಲಂಡನ್ನಿನ ಮನ್ಮತ್ ಬೀದಿಯ ಹಳೆಬಟ್ಟೆಯ ಅಂಗಡಿಗಳ ಮೇಲೆ ಒಂದು ಪ್ರಬಂಧ ಬರೆದ. ಅಂಗಡಿಯ ಮುಂದೆ ತೂಗುಹಾಕಿದ ನಾಲ್ಕಾರು ಉಡುಪುಗಳನ್ನು ನೋಡುತ್ತ, ಅವೆಲ್ಲ ಒಬ್ಬನೇ ಮನುಷ್ಯನವು ಎಂದು ಅವನು ಕಲ್ಪಿಸಿಕೊಳ್ಳುತ್ತಾನೆ. ಮಸಿಯ ಕಲೆ ಬಿದ್ದ ಪುಟ್ಟ ಹುಡುಗನ ಅಂಗಿ. ಆಮೇಲೆ ಕಚೇರಿಯಲ್ಲಿ ಓಡಾಡುವ ಹುಡುಗನದು. ಆಮೇಲೆ ಅಗ್ಗದ ಷೋಕಿಯ ಯುವಕನದು. ಕೊನೆಗೆ ಕೆಟ್ಟು ಹೋದವನ ಒರಟು ಉಡುಪು. ನಡುವೆ ವಿಧವೆಯಾದ ತಾಯಿಯ ಬಡತನ, ಕೊನೆಯಲ್ಲಿ ಸೆರೆಮನೆಯ ನೆರಳು. ನಾಲ್ಕು ಗೂಟಗಳ ಮೇಲೆ ಒಂದು ಇಡೀ ಕಾದಂಬರಿ! ಇದು ಪ್ರತಿಭೆಯ ಕೆಲಸ ಎಂಬುದರಲ್ಲಿ ಸಂಶಯವಿಲ್ಲ. ಕಣ್ಣಿಗೆ ಕಂಡದ್ದು ಒಂದು ಕಲೆ, ಒಂದು ಸವೆತ; ಅದರಿಂದ ಹುಟ್ಟಿದ್ದು ಒಂದು ಜೀವ.

ಆದರೆ ಎರಡನೆಯ ಸಲ ಓದುವಾಗ ಸಹೃದಯನಿಗೆ ಒಂದು ಕೊರತೆ ಕಾಣದಿರದು. ಆ ಬೀದಿ ಇರುವುದೇ ಕೊಳ್ಳುವವರಿಗಾಗಿ. ಚಳಿಗಾಲ ಬಂದಿದೆ, ಮಗನಿಗೊಂದು ಕೋಟು ಬೇಕು, ಕೈಯಲ್ಲಿ ಇಷ್ಟೇ ದುಡ್ಡು ಎಂದು ಲೆಕ್ಕ ಹಾಕುತ್ತ ಬಂದ ತಾಯಂದಿರು ಅಲ್ಲಿ ಇದ್ದೇ ಇರಬೇಕು. ಡಿಕನ್ಸನ ಕಲ್ಪನೆ ಅವರತ್ತ ತಿರುಗುವುದಿಲ್ಲ. ಬಟ್ಟೆಯ ಹಿಂದಿನ ಜನ್ಮವನ್ನು ಅವನು ಕಂಡ, ಮುಂದಿನ ಜನ್ಮವನ್ನು ಕಾಣಲಿಲ್ಲ. ಆ ಬೀದಿಯನ್ನು ಅವನು ಫ್ಯಾಷನ್ನುಗಳ ಸ್ಮಶಾನವಾಗಿ ಕಂಡವನು. ಸ್ಮಶಾನ ಎಂದು ಒಮ್ಮೆ ಭಾವಿಸಿದ ಮೇಲೆ ಅಲ್ಲಿಂದ ಏನನ್ನಾದರೂ ಎತ್ತಿಕೊಂಡು ಹೋಗುವವರತ್ತ ನೋಡಲು ಮನಸ್ಸು ಬರುವುದಾದರೂ ಹೇಗೆ?

ಡಿಕನ್ಸನಿಗೆ ಹಳೆ ಸಾಮಾನಿನ ಅಂಗಡಿ ಕೇವಲ ವಿನೋದದ ವಸ್ತುವಾಗಿರಲಿಲ್ಲ. ೧೮೨೪ರಲ್ಲಿ ಅವನ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ ಮನೆಯ ಸಾಮಾನುಗಳು ಒಂದೊಂದಾಗಿ ಹೊರಗೆ ಹೋದವು. ಆ ನೋವು ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಮಾತಾಗಿದೆ. ಡೋವರ್‌ಗೆ ಕಾಲ್ನಡಿಗೆಯಲ್ಲಿ ಹೊರಟ ಹುಡುಗ ಮೊದಲು ತನ್ನ ಒಳಗೋಟನ್ನು ಒಂಬತ್ತು ಪೆನ್ನಿಗೆ ಮಾರುತ್ತಾನೆ. ಆಮೇಲೆ ಜಾಕೀಟನ್ನು ಕೊಳ್ಳಬಂದ ಮುದಿ ವ್ಯಾಪಾರಿ ಅರ್ಧ ಅರ್ಧ ಪೆನ್ನಿಯಂತೆ ಹಣ ಎಣಿಸುತ್ತ ಗಂಟೆಗಟ್ಟಲೆ ಅವನನ್ನು ಕಾಡುತ್ತಾನೆ. ಈ ಪ್ರಕರಣ ಮನ್ಮತ್ ಬೀದಿಯ ಪ್ರಬಂಧಕ್ಕಿಂತ ಎಷ್ಟೋ ಮೇಲು. ಅಲ್ಲಿ ಲೇಖಕ ಗೂಟದ ಮೇಲಿನ ಬಟ್ಟೆಯನ್ನು ನೋಡುತ್ತಿದ್ದ. ಇಲ್ಲಿ ಮೈಮೇಲಿನ ಬಟ್ಟೆಯೇ ಹೋಗುತ್ತಿದೆ. ಹೀಗೆ ಮಾರುವವನ ಸಂಕಟಕ್ಕೆ ದೊಡ್ಡ ಲೇಖಕ ಸಿಕ್ಕಿದ. ಆ ಜಾಕೀಟನ್ನು ಮುಂದೆ ಯಾವ ಹುಡುಗ ತೊಟ್ಟನೋ, ಅವನಿಗೆ ಸಿಕ್ಕಲಿಲ್ಲ.

ಗೊಗೊಲ್‌ನ ‘ಮೇಲಂಗಿ’ ೧೮೪೨ರದು. ಅಕಾಕಿಯ ಹಳೆಯ ಅಂಗಿಗೆ ತೇಪೆ ಹಾಕಿದರೆ ಸೂಜಿ ನಿಲ್ಲದಷ್ಟು ಅದು ಜೀರ್ಣವಾಗಿದೆ. ದರ್ಜಿ ಪೆತ್ರೋವಿಚ್ ಹೊಸದೇ ಆಗಬೇಕೆನ್ನುತ್ತಾನೆ. ಅರೆಹೊಟ್ಟೆ ಉಂಡು, ಸಂಜೆ ದೀಪ ಹಚ್ಚದೆ ಕೂಡಿಟ್ಟು ಹೊಲಿಸಿದ ಹೊಸ ಅಂಗಿ, ತೊಟ್ಟ ಮೊದಲ ದಿನವೇ ಕಳ್ಳರ ಪಾಲಾಗುತ್ತದೆ. ಬಡ ಗುಮಾಸ್ತನಿಗೂ ಮಾನ ಬರುವುದು ಹೊಸ ಬಟ್ಟೆಯಿಂದಲೇ ಎಂಬ ಲೋಕದ ನಂಬಿಕೆಯನ್ನು ಗೊಗೊಲ್ ಎಷ್ಟು ತೀಕ್ಷ್ಣವಾಗಿ ತೋರಿಸಿದ್ದಾನೆ! ಹಳೆಯದನ್ನು ತೊಟ್ಟಾಗ ಅಪಹಾಸ್ಯ ಮಾಡಿದ ಸಹೋದ್ಯೋಗಿಗಳೇ ಹೊಸದನ್ನು ಕಂಡು ಸುತ್ತ ನೆರೆಯುತ್ತಾರೆ. ಹಳೆ ಬಟ್ಟೆಗೆ ಅಂಟಿದ ಲಜ್ಜೆ ಎಂಥದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಲಜ್ಜೆಯ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಾಂಡಾಲನಿಗೆ ಹೆಣದ ಬಟ್ಟೆಯನ್ನೂ ಒಡೆದ ಪಾತ್ರೆಯನ್ನೂ ಗೊತ್ತುಮಾಡುತ್ತದೆ. ಶೂದ್ರ ಸೇವಕನಿಗೆ ಉಳಿದ ಅನ್ನದ ಜೊತೆಗೆ ಹಳೆಯ ಬಟ್ಟೆಯನ್ನು ಕೊಡಬೇಕೆನ್ನುತ್ತದೆ. ಗಮನಿಸಬೇಕಾದುದು ಇಷ್ಟು: ಇಲ್ಲಿ ಹಳೆ ಬಟ್ಟೆ ಬಡತನದ ಫಲವಲ್ಲ, ಕಟ್ಟಳೆ. ತೊಡುವವನಿಗೆ ಆಯ್ಕೆ ಇಲ್ಲ. ಅಂಬೇಡ್ಕರರು ಸೂಟು ಧರಿಸಿ ನಿಂತ ವಿಗ್ರಹಗಳು ಊರೂರಿನಲ್ಲಿ ಏಕೆ ಅಷ್ಟು ಮುಖ್ಯವೆಂಬುದು ಈ ಹಿನ್ನೆಲೆಯಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿಯೂ ಈ ಕಟ್ಟಳೆಯ ಅವಶೇಷ ಉಳಿದಿದೆ. ಅಣ್ಣನ ಅಂಗಿ ತಮ್ಮನಿಗೆ ಬಂದರೆ ಅದು ಮಿತವ್ಯಯ. ಅಜ್ಜಿಯ ಸೀರೆಯ ತುಂಡಿನಲ್ಲಿ ಹಸುಗೂಸನ್ನು ಸುತ್ತಿದರೆ ಅದು ವಾತ್ಸಲ್ಯ. ಹಬ್ಬದ ಹಿಂದಿನ ದಿನ ಕೆಲಸದವಳಿಗೆ ಹಳೆ ಸೀರೆ ಕೊಟ್ಟರೆ ಅದು ಧರ್ಮ. ಆದರೆ ಗೊತ್ತಿಲ್ಲದವರು ಉಟ್ಟ ಬಟ್ಟೆಯನ್ನು ದುಡ್ಡು ಕೊಟ್ಟು ತಂದರೆ ಮಾತ್ರ ಅದು ಮೈಲಿಗೆ! ಬಟ್ಟೆ ಮನೆಯಿಂದ ಕೆಳಗೆ ಇಳಿಯಬಹುದು, ಹೊರಗಿನಿಂದ ಒಳಗೆ ಬರಬಾರದು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬೀದಿಗೆ ಬಂದಾಗ ನಾವು ಸೀರೆಗಳನ್ನು ಹರವಿ, ಚೌಕಾಸಿ ಮಾಡಿ, ಡಬರಿಯನ್ನು ಒಳಗೆ ತೆಗೆದುಕೊಳ್ಳುತ್ತೇವೆ. ಆ ಸೀರೆ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಗೀತೆಯ ಉಪಮೆಯಲ್ಲಿ ಉಳಿದ ಪ್ರಶ್ನೆಯೇ ನಮ್ಮ ಹೊಸ್ತಿಲಲ್ಲೂ ಉಳಿಯುತ್ತದೆ.

ಹಳೆಯ ಬಟ್ಟೆಯನ್ನು ಗೌರವಿಸಿದ ಕಲೆ ನಮ್ಮಲ್ಲಿ ಇಲ್ಲದಿಲ್ಲ. ಉತ್ತರ ಕರ್ನಾಟಕದ ಕೌದಿ, ಬಂಗಾಳದ ಕಾಂಥಾ ಎರಡೂ ಹಳೆ ಸೀರೆ ಧೋತರಗಳ ಪುನರ್ಜನ್ಮ. ಜಸೀಮುದ್ದೀನರ ‘ನಕ್ಷೀ ಕಾಂಥಾರ್ ಮಾಠ್’ ೧೯೨೯ರಲ್ಲಿ ಬಂದ ಕಥನಕವನ. ಅಲ್ಲಿ ಅಗಲಿದ ಗಂಡನಿಗಾಗಿ ಕಾಯುವ ಹಳ್ಳಿಯ ಹೆಣ್ಣು ತನ್ನ ಬಾಳನ್ನೆಲ್ಲ ಕಾಂಥಾದ ಮೇಲೆ ಹೊಲಿದು, ತನ್ನ ಗೋರಿಯ ಮೇಲೆ ಅದನ್ನು ಹೊದಿಸಬೇಕೆಂದು ಕೇಳಿಕೊಳ್ಳುತ್ತಾಳೆ. ಅಪೂರ್ವವಾದ ಕೃತಿ ಅದು. ಆದರೂ ಅಲ್ಲಿಯ ಹಳೆ ಬಟ್ಟೆ ಮನೆಯದೇ, ಅದರ ನೆನಪೂ ಮನೆಯದೇ. ಅಪರಿಚಿತನ ಬಟ್ಟೆಯನ್ನು ತನ್ನದಾಗಿಸಿಕೊಳ್ಳುವ ಅನುಭವ ಬೇರೆಯ ಬಗೆಯದು.

ಆ ಅನುಭವಕ್ಕೆ ಹೆಸರಿಟ್ಟವರು ಕವಿಗಳಲ್ಲ, ಆಫ್ರಿಕದ ಸಂತೆಯ ಜನ. ಪಶ್ಚಿಮ ದೇಶಗಳಿಂದ ಬೇಲುಗಟ್ಟಲೆ ಬರುವ ಹಳೆ ಬಟ್ಟೆಗೆ ಘಾನಾ ದೇಶದಲ್ಲಿ ‘ಒಬ್ರೋನಿ ವಾವು’ ಎನ್ನುತ್ತಾರೆ. ಸತ್ತ ಬಿಳಿಯನ ಬಟ್ಟೆ ಎಂದು ಅದರ ಭಾವ. ಬದುಕಿರುವವನು ಇಷ್ಟು ಒಳ್ಳೆಯ ಬಟ್ಟೆಯನ್ನು ಎಸೆಯುವನೇ ಎಂಬ ಸೋಜಿಗ ಆ ಮಾತಿನಲ್ಲಿದೆ. ಸ್ವಾಹಿಲಿಯ ‘ಮಿತುಂಬ’ ಎಂದರೆ ಬೇಲುಗಳು. ಅದು ವ್ಯಾಪಾರಿಯ ಮಾತು. ಜಾಂಬಿಯಾದ ಬೆಂಬಾ ಭಾಷೆಯಲ್ಲಿ ಅದೇ ಬಟ್ಟೆಗೆ ‘ಸಲಾವುಲ’ ಎನ್ನುತ್ತಾರೆ. ಅದರ ಅರ್ಥ, ರಾಶಿಯನ್ನು ಕೆದಕಿ ತನಗೆ ಬೇಕಾದುದನ್ನು ಆರಿಸುವುದು. ಮೂರು ಶಬ್ದಗಳು, ಮೂರು ಪಾತ್ರಧಾರಿಗಳು! ಘಾನಾದ ಮಾತು ಬಿಟ್ಟವನನ್ನು ನೋಡುತ್ತದೆ, ಸ್ವಾಹಿಲಿಯದು ಮಾರುವವನನ್ನು, ಬೆಂಬಾ ಮಾತ್ರ ಕೊಳ್ಳುವವಳ ಕೈಯನ್ನು ನೋಡುತ್ತದೆ. ಡಿಕನ್ಸನಿಗೆ ಕಾಣದ ಮೂರನೆಯವಳು ಒಂದು ಶಬ್ದದಲ್ಲಿ ನಿಂತಿದ್ದಾಳೆ.

ಮಾನವಶಾಸ್ತ್ರಜ್ಞೆ ಕ್ಯಾರೆನ್ ಟ್ರಾನ್ಬರ್ಗ್ ಹ್ಯಾನ್ಸನ್ ೨೦೦೦ದಲ್ಲಿ ‘ಸಲಾವುಲ’ ಎಂಬ ಹೆಸರಿನಲ್ಲೇ ಗ್ರಂಥ ಬರೆದರು. ಶಾಸ್ತ್ರಗ್ರಂಥವಾದರೂ ಅದರಲ್ಲಿ ಕಥೆಗಾರರು ಕಲಿಯಬೇಕಾದ ವಿವರಗಳಿವೆ. ಜಾಂಬಿಯಾದ ಗಿರಾಕಿಗಳು ಮಡಿಕೆಯ ಸುಕ್ಕು ಮಾಸದ ಬಟ್ಟೆಯನ್ನೇ ಹುಡುಕುತ್ತಾರಂತೆ. ಸುಕ್ಕಿದ್ದರೆ ಅದು ಬೇಲಿನಿಂದ ನೇರವಾಗಿ ಬಂದದ್ದು. ಇಸ್ತ್ರಿಯಾಗಿದ್ದರೆ ನಡುವೆ ಇನ್ನಾರೋ ತೊಟ್ಟಿರಬಹುದೆಂಬ ಅನುಮಾನ. ತಂದದ್ದನ್ನು ದರ್ಜಿಯ ಬಳಿ ಬಿಚ್ಚಿಸಿ ತಮ್ಮ ಮೈಗೆ, ತಮ್ಮ ರುಚಿಗೆ ಹೊಂದಿಸಿಕೊಳ್ಳುತ್ತಾರೆ. ‘ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು’ ಎಂದು ನಮ್ಮ ಗಾದೆ. ಇದು ದಾನವಲ್ಲ, ಕ್ರಯ. ಆದ್ದರಿಂದ ಹಲ್ಲು ಎಣಿಸುವ ಹಕ್ಕಿದೆ. ಹೊಲಿಗೆ ಎಳೆದು ನೋಡುವ, ಗುಂಡಿ ಎಣಿಸುವ, ಬೇಡವೆಂದು ಕೆಳಗೆ ಹಾಕುವ ಹಕ್ಕು. ಮನುವಿನ ಕಟ್ಟಳೆಗೂ ಸಂತೆಗೂ ಇರುವ ಅಂತರವೆಲ್ಲ ಆ ‘ಬೇಡ’ ಎಂಬ ಒಂದು ಮಾತಿನಲ್ಲಿದೆ.

ಸಂತೆಯನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಬೇಲಿನ ಜೊತೆಗೆ ಕಸವೂ ಬರುತ್ತದೆ. ಮಾರಲಾಗದ ಬಟ್ಟೆ ಘಾನಾದ ಕಡಲತಡಿಯಲ್ಲಿ ರಾಶಿಬೀಳುತ್ತದೆ. ಅಕ್ರಾದ ಕಾಂಟಮಾಂಟೊ ಪೇಟೆ ೨೦೨೫ರ ಜನವರಿಯ ಆರಂಭದಲ್ಲಿ ಬೆಂಕಿಗೆ ಬಿದ್ದು ಸಾವಿರಾರು ಜನರ ಜೀವನೋಪಾಯ ಬೂದಿಯಾಯಿತು. ತಮ್ಮ ನೇಕಾರಿಕೆಯನ್ನು ಉಳಿಸಿಕೊಳ್ಳಲು ಪೂರ್ವ ಆಫ್ರಿಕದ ದೇಶಗಳು ಈ ಆಮದನ್ನು ನಿಲ್ಲಿಸಲು ೨೦೧೬ರಲ್ಲಿ ನಿರ್ಧರಿಸಿದವು. ಹಟ ಬಿಡದೆ ಸುಂಕ ಏರಿಸಿದ ರುವಾಂಡಕ್ಕೆ ಅಮೆರಿಕ ೨೦೧೮ರಲ್ಲಿ ತನ್ನ ಉಡುಪು ವ್ಯಾಪಾರದ ರಿಯಾಯಿತಿಯನ್ನು ತಡೆಹಿಡಿಯಿತು. ಎಸೆಯುವುದೂ ಒಬ್ಬರ ಹಕ್ಕಾಗಿ, ಬೇಡವೆನ್ನುವುದು ಇನ್ನೊಬ್ಬರ ತಪ್ಪಾದರೆ, ಸಂತೆಯೂ ಹಳೆಯ ಕಟ್ಟಳೆಯ ದಾರಿಯನ್ನೇ ಹಿಡಿದಂತೆ.

ಡಿಕನ್ಸನ ಪ್ರಬಂಧಕ್ಕೆ ಸರಿಯಾದ ಉತ್ತರ ನಮ್ಮ ದೇಶದಿಂದಲೇ ಬಂದಿದೆ. ಪಾಣಿಪತ್ತಿನಲ್ಲಿ ವಿದೇಶದ ಹಳೆ ಉಣ್ಣೆಬಟ್ಟೆಗಳನ್ನು ಕತ್ತರಿಸಿ, ಹಿಂಜಿ, ಮತ್ತೆ ನೂತು ಕಂಬಳಿ ಮಾಡುತ್ತಾರೆ. ಮೇಘನಾ ಗುಪ್ತ ಅವರ ‘ಅನ್‌ರಾವೆಲ್’ ಎಂಬ ೨೦೧೨ರ ಕಿರುಚಿತ್ರ ಅಲ್ಲಿ ದುಡಿಯುವ ಹೆಂಗಸರನ್ನು ಕುರಿತದ್ದು. ಇಷ್ಟು ಒಳ್ಳೆಯ ಬಟ್ಟೆಗಳನ್ನು ಆ ದೇಶದವರು ಏಕೆ ಎಸೆಯುತ್ತಾರೆಂದು ಗುಂಡಿ ಕೀಳುತ್ತ ಅವರು ತಮ್ಮಲ್ಲೇ ಚರ್ಚಿಸುತ್ತಾರೆ. ಒಗೆಯಲು ನೀರಿಲ್ಲವೋ, ನೀರು ದುಬಾರಿಯೋ ಎಂದು ಊಹಿಸುತ್ತಾರೆ. ಈ ಊಹೆಗೆ ನಗು ಬರುವುದು ಸಹಜ. ಆದರೆ ಮನ್ಮತ್ ಬೀದಿಯಲ್ಲಿ ಡಿಕನ್ಸ್ ಮಾಡಿದ್ದೂ ಇದನ್ನೇ ಅಲ್ಲವೇ? ಬಟ್ಟೆಯಿಂದ ಮನುಷ್ಯನನ್ನು ಕಟ್ಟುವುದು! ಅವನು ಕಟ್ಟಿದವನು ಕೆಟ್ಟು ಹೋದ. ಇವರು ಕಟ್ಟಿದವರು ನೀರಿಲ್ಲದೆ ಕಷ್ಟಪಡುವವರು. ಅವನ ಕಲ್ಪನೆಯಲ್ಲಿ ನೀತಿಬೋಧೆಯಿದೆ, ಇವರದರಲ್ಲಿ ಕನಿಕರವಿದೆ.

ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭಾವವನ್ನು ಬದಲಿಸಲು ಹೊರಟ ಸಂಸ್ಥೆಗಳೂ ಇವೆ. ಬಾಸ್ಟನ್ನಿನಲ್ಲಿ ೧೯೦೨ರಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಆರಂಭಿಸಿದ ಗುಡ್‌ವಿಲ್, ಸಂಗ್ರಹಿಸಿದ ಹಳೆ ಸಾಮಾನನ್ನು ಬಡವರಿಂದಲೇ ರಿಪೇರಿ ಮಾಡಿಸಿ ಮಾರಿತು. ನಮ್ಮಲ್ಲಿ ೧೯೯೯ರಲ್ಲಿ ಅಂಶು ಗುಪ್ತ ಕಟ್ಟಿದ ಗೂಂಜ್ ಸಂಸ್ಥೆ, ಹಳ್ಳಿಯವರು ಕೂಡಿ ಬಾವಿ ತೋಡಿದರೆ, ದಾರಿ ಹಾಕಿದರೆ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಕೊಡುತ್ತದೆ. ಬಟ್ಟೆ ಅದೇ ಹಳೆಯದು. ಬದಲಾದದ್ದು ಪಡೆಯುವವನ ತಲೆ ಎತ್ತಿದ ನಿಲುವು.

ಈಗ ನಗರದ ಯುವಜನರಲ್ಲಿ ಹಳೆ ಬಟ್ಟೆ ಕೊಳ್ಳುವುದು ಒಂದು ರುಚಿಯಾಗಿದೆ. ಅದು ಒಳ್ಳೆಯದೇ. ಆದರೆ ಹೊಸದನ್ನು ಕೊಳ್ಳಬಲ್ಲವನು ಹಳೆಯದನ್ನು ತೊಟ್ಟರೆ ವಿಶಿಷ್ಟ ಅಭಿರುಚಿ. ಕೊಳ್ಳಲಾರದವನು ತೊಟ್ಟರೆ ದಾರಿದ್ರ್ಯ. ಈ ಭೇದ ಅಳಿಯುವವರೆಗೆ ಗೊಗೊಲ್‌ನ ಕಥೆ ಹಳೆಯದಾಗದು.

ಕನ್ನಡದ ಕಥೆಗಾರರಿಗೆ ಇಲ್ಲಿ ಒಂದು ಹೊಲ ಬಿದ್ದಿದೆ. ಬೆಂಗಳೂರಿನ ಚಿಕ್ಕಪೇಟೆಯ ಬಳಿ ಭಾನುವಾರ ನೆರೆಯುವ ಸಂತೆಯಲ್ಲಿ ಬಟ್ಟೆಯೂ ಉಂಟು, ಪಾತ್ರೆಯೂ ಉಂಟು. ನಮ್ಮ ಪಾತ್ರೆಗಳಿಗೆ ಹೆಸರು ಕೆತ್ತಿಸುವ ರೂಢಿ. ಯಾವುದೋ ಮದುವೆಯ ತಾರೀಖು, ಯಾರೋ ತಾಯಿ ಮಗಳಿಗೆ ಕೊಟ್ಟ ಗುರುತು ಅದರ ಕಂಠದ ಮೇಲೆ ಇರುತ್ತದೆ. ಬಿಟ್ಟವರ ಕಥೆ ಬರೆಯಲು ಆ ಹೆಸರೇ ಸಾಕು. ಅದು ಸುಲಭದ ಕಥೆ. ಆ ಹೆಸರನ್ನು ಓದಿ, ತಳ ಬಡಿದು ನೋಡಿ, ಬೆಲೆ ಕಟ್ಟಿ, ನಾಳೆಯಿಂದ ಅದರಲ್ಲಿ ತನ್ನ ಮಕ್ಕಳಿಗೆ ಅನ್ನ ಮಾಡಲಿರುವವಳ ಕಥೆಯೇ ಕಷ್ಟದ್ದು. ಅವಳಿಗೆ ಯಾರ ಕನಿಕರವೂ ಬೇಕಿಲ್ಲ, ದುಡ್ಡು ಕೊಟ್ಟಿದ್ದಾಳೆ. ಅವಳನ್ನು ಕನಿಕರವಿಲ್ಲದೆ, ಆದರೆ ಗೌರವದಿಂದ ಬರೆಯಬಲ್ಲ ಲೇಖನಿಗಾಗಿ ಆ ಸಂತೆ ಕಾಯುತ್ತಿದೆ.